ಬಲಗಣ್ಣಿಗೆ ಆಪರೇಷನ್, ಎಡಗಣ್ಣಿಗೆ ಸದ್ಯಕ್ಕೆ ಬೇಡ

ಗ್ಲಾಕೋಮಾ ಎಂದರೆ ಹೆಚ್ಚಾಗಿ ಕಣ್ಣೊಳಗಿನ ಒತ್ತಡದಿಂದ, ಅಂದರೆ ಪ್ರೆಶರ್‌ನಿಂದ, ದೃಷ್ಟಿನರ ಹಾಳಾಗುತ್ತಾ ಹೋಗುವ ಕಾಯಿಲೆ. ಆ ಪ್ರೆಶರ್ ಇಳಿಸುವ ಆಪರೇಷನ್ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇದರಿಂದ ಕಣ್ಣು ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ. ಪೊರೆ ತೆಗೆಸಿಕೊಂಡವರು ಮರುದಿನವೇ ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆ ಎಂದು ಸಂತೋಷಪಡುತ್ತಾರೆ. ಗ್ಲಾಕೋಮಾದಲ್ಲಿ ಅದು ಇಲ್ಲ. ದೃಷ್ಟಿನರದಲ್ಲಿ ಸತ್ತುಹೋದ ಎಳೆಗಳು ಮತ್ತೆ ಹುಟ್ಟುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ ಈ ಆಪರೇಷನ್. ಕೆಲವರಿಗೆ ಆಪರೇಷನ್ ಆದ ಮೇಲೆ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯಲ್ಲಿ ಒಂದೆರಡು ಸಾಲು ಕಡಿಮೆಯೇ ಕಾಣುವುದೂ ಉಂಟು. ಲಾಭ ಕಣ್ಣಿಗೆ ಕಾಣದಂಥದ್ದು, ಅಪಾಯ ಮಾತ್ರ ಕಣ್ಣೆದುರೇ ಇರುವಂಥದ್ದು. ಹಾಗಾಗಿಯೇ ಇದನ್ನು ಯಾರಿಗೆ ಮಾಡಬೇಕು, ಯಾವ ಕಣ್ಣಿಗೆ ಮಾಡಬೇಕು, ಯಾವಾಗ ಮಾಡಬೇಕು ಎನ್ನುವ ನಿರ್ಧಾರಕ್ಕೆ ಅಷ್ಟು ಸಮಯ ಹಿಡಿಯುತ್ತದೆ. ಆ ಸಮಯ ಕೊಡುವ ವೈದ್ಯರು ನನಗೆ ಸಿಕ್ಕರು. ಅವರು ಏನೇನು ನೋಡಿದರು, ಏನೇನು ಕೇಳಿದರು ಎನ್ನುವುದನ್ನು ಬರೆದಿಡುತ್ತಿದ್ದೇನೆ.

ನನಗೆ ವಯಸ್ಸು ಐವತ್ತು ದಾಟಿದೆ. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ನಮ್ಮಪ್ಪನಿಗೂ ಗ್ಲಾಕೋಮಾ ಇತ್ತು. ಕೊನೆಕೊನೆಗೆ ಅವರಿಗೆ ಬೆಳಕು ಯಾವುದು ಕತ್ತಲೆ ಯಾವುದು ಅನ್ನುವುದಷ್ಟೇ ತಿಳಿಯುತ್ತಿತ್ತು. ಅದನ್ನು ಕಂಡಿದ್ದ ನಾನು ನನಗೂ ಇದೆ ಎಂದು ಗೊತ್ತಾದಂದಿನಿಂದ ಡ್ರಾಪ್ಸ್ ತಪ್ಪಿಸಿದವಳಲ್ಲ. ಒಂದು ಬಗೆಯಿಂದ ಶುರುವಾಗಿ ಮೂರು ಬಗೆಯ ಡ್ರಾಪ್ಸ್ ಆದವು. ಆದರೂ ಬಲಗಣ್ಣಿನ ಪ್ರೆಶರ್ 19, 20, 21 ಅಂತ ಅಲ್ಲೇ ಓಡಾಡುತ್ತಿತ್ತು. ಪಾದರಸದ ಲೆಕ್ಕದಲ್ಲಿ 10ರಿಂದ 21 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಆ ಲೆಕ್ಕದಲ್ಲಿ ನೋಡಿದರೆ ನನಗೆ ಏನೂ ತೊಂದರೆ ಇಲ್ಲ.

ತೊಂದರೆ ಇದೆ ಎಂದು ನನಗೆ ತಿಳಿದದ್ದು ಒತ್ತಕ್ಷರಗಳಿಂದ. ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಲ್ಲಿ ಮಾತ್ರ ಓದಿದರೆ ಅಕ್ಷರ ಕಾಣುತ್ತಿತ್ತು, ಅದರ ಕೆಳಗಿನ ಒತ್ತು ಸರಿಯಾಗಿ ಕಾಣುತ್ತಿರಲಿಲ್ಲ. ಕಪ್ಪು ಕಲೆ ಅಂತೇನಿಲ್ಲ, ಅಲ್ಲಿ ಕಾಗದ ಖಾಲಿ ಇದ್ದ ಹಾಗೆ. ಒಂದು ಸಾಲು ಮುಗಿಸಿ ಕೆಳಗಿನ ಸಾಲಿಗೆ ಬರುವಾಗ ಎಲ್ಲಿಗೆ ಬರಬೇಕು ಎನ್ನುವುದು ತಪ್ಪಿಹೋಗುತ್ತಿತ್ತು. ಎರಡೂ ಕಣ್ಣು ತೆರೆದಿದ್ದಾಗ ಇದು ಗೊತ್ತೇ ಆಗುವುದಿಲ್ಲ, ಎಡಗಣ್ಣು ತುಂಬಿಕೊಟ್ಟುಬಿಡುತ್ತದೆ. ಗ್ಲಾಕೋಮಾ ಇಷ್ಟು ಜನರಲ್ಲಿ ತಡವಾಗಿ ಪತ್ತೆಯಾಗುವುದಕ್ಕೆ ಇದೂ ಒಂದು ಕಾರಣ.

ಒಬ್ಬ ವೈದ್ಯರು ಪ್ರೆಶರ್ ನೋಡಿ, "ಬಾರ್ಡರ್‌ನಲ್ಲಿದೆ, ಡ್ರಾಪ್ಸ್ ಮುಂದುವರಿಸಿ" ಎಂದಿದ್ದರು. ಇನ್ನೊಬ್ಬರು ನರ ನೋಡಿದವರೇ, "ತಕ್ಷಣ ಎರಡೂ ಕಣ್ಣಿಗೆ ಆಪರೇಷನ್ ಮಾಡಿಸಿಬಿಡಿ" ಎಂದರು. ಇಬ್ಬರೂ ಅವರವರ ಮಟ್ಟಿಗೆ ಕಾಳಜಿಯಿಂದಲೇ ಹೇಳಿದ್ದರು, ಆದರೆ ನನಗೆ ದಾರಿ ಕಾಣಲಿಲ್ಲ. ಹಾಗಾಗಿ ಗ್ಲಾಕೋಮಾವನ್ನೇ ವಿಶೇಷವಾಗಿ ನೋಡುವ ವೈದ್ಯರ ಹತ್ತಿರ ಹೋದೆ. ಮಗಳು ಜೊತೆಗಿದ್ದಳು. ಅವರು ಆ ದಿನ ಹೌದು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

"ಒಂದು ದಿನದ ಪ್ರೆಶರ್ ನೋಡಿ ಹೇಳೋ ವಿಷಯ ಅಲ್ಲ ಇದು. ಕಣ್ಣಿಗೆ ಸುತ್ತ ಎಲ್ಲೆಲ್ಲಿ ಕಾಣುತ್ತೆ ಅಂತ ನೋಡೋ ಫೀಲ್ಡ್ ಟೆಸ್ಟ್ ಇದೆಯಲ್ಲ, ಅದರ ನಿಮ್ಮ ಹಳೇ ರಿಪೋರ್ಟ್ ಎಲ್ಲ ಬೇಕು. ಮೊಟ್ಟಮೊದಲನೇದು ಇದ್ದರೆ ಇನ್ನೂ ಒಳ್ಳೇದು" ಎಂದರು.

ನಾನು ಎಲ್ಲವನ್ನೂ ತಾರೀಖಿನ ಪ್ರಕಾರ ಫೈಲ್ ಮಾಡಿಟ್ಟಿದ್ದೆ. ಈ ಕಾಯಿಲೆ ಇರುವ ಪ್ರತಿಯೊಬ್ಬರಿಗೂ ನಾನು ಹೇಳುವುದು ಇಷ್ಟೇ: ಹಳೆಯ ರಿಪೋರ್ಟ್ ಎಸೆಯಬೇಡಿ. ಕಣ್ಣು ಈಗ ಎಷ್ಟು ಹಾಳಾಗಿದೆ ಎನ್ನುವುದಕ್ಕಿಂತ ಯಾವ ವೇಗದಲ್ಲಿ ಹಾಳಾಗುತ್ತಿದೆ ಎನ್ನುವುದು ಆಪರೇಷನ್ ನಿರ್ಧಾರದಲ್ಲಿ ದೊಡ್ಡ ಮಾತು. ಆ ವೇಗ ಗೊತ್ತಾಗಬೇಕಾದರೆ ಹಳೆಯ ಕಾಗದವೇ ಬೇಕು.

ಪರೀಕ್ಷೆಗಳು ಶುರುವಾದವು. ಪ್ರೆಶರ್ ಅಳೆಯುವುದು ಗೊತ್ತಿದ್ದದ್ದೇ. ಕಣ್ಣಿಗೆ ಹಳದಿ ಬಣ್ಣದ ಮದ್ದು ಹಾಕಿ, ನೀಲಿ ಬೆಳಕಿನಲ್ಲಿ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಮೆಲ್ಲಗೆ ಒತ್ತಿ ನೋಡುತ್ತಾರೆ. ಈ ಸಲ ಕಾರ್ನಿಯಾದ ದಪ್ಪವನ್ನೂ ಅಳೆದರು. ಸರಾಸರಿ 540 ಮೈಕ್ರಾನ್ ಇರುತ್ತದೆಯಂತೆ, ನನ್ನದು 505 ಬಂತು. ಕಾರ್ನಿಯಾ ತೆಳುವಾಗಿದ್ದರೆ ಯಂತ್ರ ತೋರಿಸುವ ಪ್ರೆಶರ್ ನಿಜವಾದದ್ದಕ್ಕಿಂತ ಕಡಿಮೆ ಇರಬಹುದು. ಇಷ್ಟಕ್ಕೆ ಇಷ್ಟು ಸೇರಿಸಿ ಎನ್ನುವ ನಂಬಿಕಸ್ತ ಸೂತ್ರ ಯಾವುದೂ ಇಲ್ಲ, ಆದರೆ 20 ಅಂದರೆ ನಿಶ್ಚಿಂತೆಯಿಂದಿರುವ ಹಾಗಿಲ್ಲ ಅಷ್ಟೆ ಎಂದು ವಿವರಿಸಿದರು. ಆಮೇಲೆ ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಕೂರಿಸಿ ಕೆಲವು ಗಂಟೆಗೊಮ್ಮೆ ಪ್ರೆಶರ್ ನೋಡಿದರು. ಬೆಳಗಿನ ಹೊತ್ತು ಬಲಗಣ್ಣಿನದು 24ಕ್ಕೆ ಏರಿತ್ತು, ಮಧ್ಯಾಹ್ನದ ಹೊತ್ತಿಗೆ 19ಕ್ಕೆ ಇಳಿಯಿತು. ನಾನು ಯಾವಾಗಲೂ ತೋರಿಸಿಕೊಳ್ಳಲು ಹೋಗುತ್ತಿದ್ದದ್ದು ಮಧ್ಯಾಹ್ನ.

ಕಣ್ಣಿನ ಕೋನ ನೋಡುವ ಪರೀಕ್ಷೆಯನ್ನು ಕೆಲವು ಕಡೆ ಬಿಟ್ಟೇಬಿಡುತ್ತಾರೆ. ಕಣ್ಣೊಳಗೆ ಸದಾ ಊರುವ ನೀರು ಹೊರಗೆ ಹೋಗುವುದು ಕಾರ್ನಿಯಾ ಮತ್ತು ಐರಿಸ್ (ಕಣ್ಣಿನ ಬಣ್ಣದ ಭಾಗ) ಸೇರುವ ಮೂಲೆಯಲ್ಲಿರುವ ಜಾಲರಿಯ ಮೂಲಕ. ಆ ಮೂಲೆ ಹೊರಗಿನಿಂದ ನೇರವಾಗಿ ಕಾಣುವುದಿಲ್ಲ. ಕಣ್ಣನ್ನು ಮರಗಟ್ಟಿಸಿ, ಸಣ್ಣ ಕನ್ನಡಿಗಳಿರುವ ಲೆನ್ಸನ್ನು ಕಣ್ಣಿನ ಮೇಲೇ ಇಟ್ಟು ನೋಡಬೇಕು. ನೋವಿಲ್ಲ, ಏನೋ ಅಂಟಿಕೊಂಡ ಹಾಗಿರುತ್ತದೆ. ನನ್ನ ಕೋನ ತೆರೆದೇ ಇತ್ತು. ಅದು ಮುಚ್ಚಿಕೊಂಡಿದ್ದರೆ ದಾರಿಯೇ ಬೇರೆಯಾಗುತ್ತಿತ್ತು. ಲೇಸರ್‌ನಿಂದ ಐರಿಸ್‌ನಲ್ಲಿ ಸಣ್ಣ ರಂಧ್ರ ಮಾಡುವುದು, ಕಣ್ಣಿನ ಮಸೂರವನ್ನೇ ತೆಗೆದು ಜಾಗ ಮಾಡುವುದು, ಇಂಥ ಚಿಕಿತ್ಸೆಗಳು ಮೊದಲು ಬರುತ್ತವೆ. ಕೋನ ನೋಡದೆ ಆಪರೇಷನ್ ಮಾತಾಡಿದರೆ ಯಾವ ಕಾಯಿಲೆಗೆ ಮಾತಾಡುತ್ತಿದ್ದೇವೆ ಎನ್ನುವುದೇ ತಿಳಿಯುವುದಿಲ್ಲ.

ಇನ್ನು ಫೀಲ್ಡ್ ಟೆಸ್ಟ್. ಇದಕ್ಕೆ ಹೆದರದ ಗ್ಲಾಕೋಮಾ ರೋಗಿಯನ್ನು ನಾನು ಕಂಡಿಲ್ಲ. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಗದ್ದ ಊರಿಸಿ, ಬಿಳಿ ಬೋಗುಣಿಯಂಥ ಯಂತ್ರದೊಳಕ್ಕೆ ನೋಡಿಸುತ್ತಾರೆ. ನಡುವಿನ ಹಳದಿ ಬೆಳಕಿನಿಂದ ದೃಷ್ಟಿ ಕದಲಿಸಬಾರದು. ಸುತ್ತ ಎಲ್ಲಾದರೂ ಚುಕ್ಕೆ ಮಿನುಗಿದರೆ ಕೈಯಲ್ಲಿರುವ ಬಟನ್ ಒತ್ತಬೇಕು. ಎಷ್ಟೋ ಹೊತ್ತು ಏನೂ ಕಾಣುವುದೇ ಇಲ್ಲ, ಯಂತ್ರದ ಸದ್ದು ಮಾತ್ರ ಕೇಳುತ್ತಿರುತ್ತದೆ, ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಅಲ್ಲಿ ಟೆಸ್ಟ್ ಮಾಡುತ್ತಿದ್ದ ಹುಡುಗಿ ನನ್ನ ಭುಜ ಮುಟ್ಟಿ, "ಮೇಡಂ, ಗಾಬರಿ ಆಗ್ಬೇಡಿ. ಕಣ್ಣು ಪೂರ್ತಿ ಸರಿ ಇರೋರಿಗೂ ಅರ್ಧದಷ್ಟು ಚುಕ್ಕೆ ಕಾಣಲ್ಲ. ಕಾಣೋದು ಎಲ್ಲಿ ನಿಲ್ಲುತ್ತೆ ಅಂತ ಹುಡುಕೋದೇ ಈ ಮಷೀನಿನ ಕೆಲಸ" ಎಂದಳು. ಇಷ್ಟು ವರ್ಷಗಳಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಆ ಮಾತಿನ ಮೇಲೆ ನಾನು ನೆಮ್ಮದಿಯಿಂದ ಕೂತೆ, ರಿಪೋರ್ಟೂ ನಂಬಬಹುದಾದಂಥದ್ದು ಬಂತು. ಕಾಣದಿದ್ದರೂ ಗಾಬರಿಯಲ್ಲಿ ಬಟನ್ ಒತ್ತಿದರೆ ಯಂತ್ರಕ್ಕೆ ಗೊತ್ತಾಗುತ್ತದೆ, ಅಂಥ ರಿಪೋರ್ಟ್ ಆಪರೇಷನ್ ನಿರ್ಧಾರಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಬಲಗಣ್ಣಿಗೆ ನಡುವಿನ ಹತ್ತು ಡಿಗ್ರಿಯಷ್ಟನ್ನೇ ಒತ್ತೊತ್ತಾಗಿ ಪರೀಕ್ಷಿಸುವ ಇನ್ನೊಂದು ಟೆಸ್ಟ್ ಕೂಡ ಮಾಡಿಸಿದರು. ನನ್ನ ಒತ್ತಕ್ಷರಗಳು ಎಲ್ಲಿ ಹೋಗಿವೆ ಎನ್ನುವುದು ಅದರಲ್ಲಿ ಕಪ್ಪಗೆ ಅಚ್ಚಾಗಿತ್ತು. ದೃಷ್ಟಿಯ ನಡುಬಿಂದುವಿನ ಕೆಳಗೇ, ಅದಕ್ಕೆ ತಾಗುವಷ್ಟು ಹತ್ತಿರ.

ಎಲ್ಲ ಆದ ಮೇಲೆ ಡಾಕ್ಟರು ಹಳೆಯ ಹೊಸ ರಿಪೋರ್ಟ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಪ್ರತಿ ರಿಪೋರ್ಟಿನ ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ, ಕಣ್ಣು ಒಟ್ಟಾರೆ ಎಷ್ಟು ಡೆಸಿಬಲ್ ಕಳೆದುಕೊಂಡಿದೆ ಎಂದು. ಇಲ್ಲಿ ಡೆಸಿಬಲ್ ಎಂದರೆ ಸದ್ದಿನದಲ್ಲ, ಮಂದ ಬೆಳಕನ್ನು ಗುರುತಿಸುವ ಶಕ್ತಿಯ ಅಳತೆ. ಸೊನ್ನೆಯ ಹತ್ತಿರ ಇದ್ದರೆ ಒಳ್ಳೆಯದು, ಮೈನಸ್ 12 ದಾಟಿದರೆ ತೀವ್ರ ಹಂತ. ನನ್ನ ಎಡಗಣ್ಣು ಮೊದಲಿನಿಂದಲೂ ಮೈನಸ್ 3ರ ಆಸುಪಾಸಿನಲ್ಲೇ ನಿಂತಿತ್ತು. ಬಲಗಣ್ಣು ಕೆಲವೇ ವರ್ಷಗಳಲ್ಲಿ ಮೈನಸ್ 9ರಿಂದ ಮೈನಸ್ 15ಕ್ಕೆ ಜಾರಿತ್ತು. ನರದ ಸ್ಕ್ಯಾನ್‌ನಲ್ಲಿ ಬಲಗಣ್ಣಿನದು ಕಳೆದ ಸಲದಷ್ಟೇ ಇದೆಯಲ್ಲ ಎಂದು ಮಗಳು ಕೇಳಿದಳು. ನರದ ಪದರ ಒಂದು ಮಟ್ಟಕ್ಕಿಂತ ತೆಳುವಾದ ಮೇಲೆ ಸ್ಕ್ಯಾನ್ ಹೆಚ್ಚು ಬದಲಾವಣೆ ತೋರಿಸುವುದಿಲ್ಲ, ಆ ಹಂತದಲ್ಲಿ ಫೀಲ್ಡ್ ಟೆಸ್ಟನ್ನೇ ನಂಬಬೇಕು ಎಂದರು. ಮಗಳು ಕೇಳಿದ್ದು ಒಳ್ಳೆಯದಾಯಿತು. ನಾನೊಬ್ಬಳೇ ಹೋಗಿದ್ದರೆ ಆ ಸ್ಕ್ಯಾನ್ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದೆ.

"ನಿಮ್ಮ ಬಲಗಣ್ಣಿಗೆ 20 ಜಾಸ್ತಿ. 12ರ ಸುತ್ತಮುತ್ತ ಇರಬೇಕು" ಎಂದರು. ಒಬ್ಬೊಬ್ಬರ ಕಣ್ಣಿಗೂ ಒಂದೊಂದು ಗುರಿ ಇರುತ್ತದೆ. ನರ ಎಷ್ಟು ಹಾಳಾಗಿದೆ, ಎಷ್ಟು ಬೇಗ ಆಗುತ್ತಿದೆ, ಮುಂದೆ ಎಷ್ಟು ವರ್ಷ ಆ ಕಣ್ಣು ಬೇಕು ಎನ್ನುವುದರ ಮೇಲೆ ಅದು ನಿಲ್ಲುತ್ತದೆ. ಸ್ವೀಡನ್ನಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಪ್ರೆಶರ್ ಒಂದೊಂದು ಮಿಲಿಮೀಟರ್ ಇಳಿದಾಗಲೂ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು 10 ಪರ್ಸೆಂಟ್ ಕಡಿಮೆಯಾಗುವುದು ಕಂಡುಬಂದಿದೆಯಂತೆ. 20ರಿಂದ 12ಕ್ಕೆ ಇಳಿಸುವುದು ಡ್ರಾಪ್ಸ್‌ನಿಂದ ಆಗದ ಕೆಲಸ, ಏಕೆಂದರೆ ನನಗೆ ಹಾಕಲು ಹೊಸ ಡ್ರಾಪ್ಸ್ ಉಳಿದಿರಲಿಲ್ಲ. ಟಿಮೊಲಾಲ್ ಎನ್ನುವ ಡ್ರಾಪ್ಸ್ ನನಗೆ ಕೊಡುವ ಹಾಗಿಲ್ಲ, ಆಸ್ತಮಾ ಇದೆ. ಹಾಕುತ್ತಿದ್ದ ಬ್ರಿಮೊನಿಡಿನ್ ಡ್ರಾಪ್ಸ್‌ಗೆ ಆಗಲೇ ಅಲರ್ಜಿ ಶುರುವಾಗಿತ್ತು. ಲೇಸರ್‌ನಿಂದಲೂ ಅಷ್ಟು ಇಳಿಯುವ ನಿರೀಕ್ಷೆ ಇರಲಿಲ್ಲ. ಕಣ್ಣೊಳಗೆ ಚಿಕ್ಕ ಸ್ಟೆಂಟ್ ಇಡುವ ಹೊಸ ಆಪರೇಷನ್‌ಗಳ ಬಗ್ಗೆಯೂ ಕೇಳಿದೆ. ಅವು ಅಪಾಯ ಕಡಿಮೆ ಇರುವಂಥವು, ಆದರೆ ಪ್ರೆಶರನ್ನು ಹದಿನೈದು, ಹದಿನಾರಕ್ಕೆ ತಂದು ನಿಲ್ಲಿಸುತ್ತವೆ. ಆರಂಭದ ಅಥವಾ ಮಧ್ಯಮ ಹಂತದವರಿಗೆ ಅಷ್ಟು ಸಾಕು, ನನ್ನ ಬಲಗಣ್ಣಿಗೆ ಸಾಲದು.

ಕೊನೆಗೆ ಉಳಿದದ್ದು ಟ್ರಾಬೆಕ್ಯುಲೆಕ್ಟಮಿ. 1968ರಲ್ಲಿ ಕೇರ್ನ್ಸ್ ಎನ್ನುವ ವೈದ್ಯರು ಪ್ರಕಟಿಸಿದ ಆಪರೇಷನ್, ಬೇಕಾದಷ್ಟು ಮಾರ್ಪಾಡುಗಳೊಂದಿಗೆ ಇಂದಿಗೂ ನಡೆಯುತ್ತಿದೆ. ಮೇಲಿನ ರೆಪ್ಪೆಯ ಅಡಿಯಲ್ಲಿ ಬಿಳಿಗುಡ್ಡೆಯಲ್ಲಿ ಸಣ್ಣ ಮುಚ್ಚಳದಂತೆ ಕೊಯ್ದು, ಅದರ ಕೆಳಗೆ ರಂಧ್ರ ಮಾಡಿ, ಒಳಗಿನ ನೀರು ಹೊರಬರಲು ಹೊಸ ದಾರಿ ಮಾಡುತ್ತಾರೆ. ನೀರು ಕಣ್ಣಿನ ಮೇಲಿನ ತೆಳು ಪದರದ ಅಡಿಯಲ್ಲಿ ಸೇರಿ ಪುಟ್ಟ ಗುಳ್ಳೆಯಾಗುತ್ತದೆ, ಅಲ್ಲಿಂದ ನಿಧಾನವಾಗಿ ಹೀರಿಹೋಗುತ್ತದೆ. ಇದರ ದೊಡ್ಡ ಶತ್ರು ನಮ್ಮ ದೇಹದ ಗಾಯ ಮಾಯಿಸುವ ಗುಣವೇ. ಗಾಯ ಚೆನ್ನಾಗಿ ಮಾಯ್ದರೆ ದಾರಿ ಮುಚ್ಚಿಹೋಗುತ್ತದೆ. ಅದನ್ನು ತಡೆಯಲು ಆಪರೇಷನ್ ಹೊತ್ತಿನಲ್ಲಿ ಮೈಟೊಮೈಸಿನ್ ಎನ್ನುವ ಔಷಧ ಹಚ್ಚುತ್ತಾರೆ.

ಹಾಗಾದರೆ ನನ್ನ ಕಣ್ಣಿನ ಆ ತೆಳು ಪದರ ಹೇಗಿದೆ? ಇದನ್ನು ಡಾಕ್ಟರು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆಯನ್ನು ಎತ್ತಿ ಹಿಡಿದು, ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಹತ್ತಿ ಸುತ್ತಿದ ಕಡ್ಡಿಯ ತುದಿಯಿಂದ ಆ ಪದರವನ್ನು ಅತ್ತಿತ್ತ ಸರಿಸಿ ನೋಡಿದರು. ಸಲೀಸಾಗಿ ಸರಿಯಬೇಕು. ಹಿಂದೆ ಆಪರೇಷನ್ ಆಗಿದ್ದರೆ, ಪೆಟ್ಟಾಗಿದ್ದರೆ ಅಂಟಿಕೊಂಡಿರುತ್ತದೆ. ಹಾಗಿದ್ದವರಿಗೆ ಇದರ ಬದಲು ನಳಿಕೆ ಇಡುವ ಆಪರೇಷನ್ ಯೋಚಿಸುತ್ತಾರೆ. ನನ್ನದು ಸರಿಯಿತು. ಆದರೆ ವರ್ಷಗಟ್ಟಲೆ ಡ್ರಾಪ್ಸ್ ಹಾಕಿದ್ದರಿಂದ ಕೆಂಪಾಗಿತ್ತು, ಬ್ರಿಮೊನಿಡಿನ್ ಅಲರ್ಜಿಯಿಂದ ರೆಪ್ಪೆಯ ಒಳಗೆಲ್ಲ ಸಣ್ಣ ಗುಳ್ಳೆಗಳಿದ್ದವು. ಡ್ರಾಪ್ಸ್ ಕೆಡದಂತೆ ಅದರಲ್ಲಿ ಸೇರಿಸುವ ಬೆಂಜಾಲ್ಕೋನಿಯಂ ಎನ್ನುವ ರಾಸಾಯನಿಕವೂ ಪದರವನ್ನು ಕೆರಳಿಸುತ್ತದೆ. ಕೆರಳಿದ ಪದರದ ಮೇಲೆ ಮಾಡಿದ ಆಪರೇಷನ್ ಬೇಗ ಮುಚ್ಚಿಕೊಳ್ಳುತ್ತದೆ.

"ಆಪರೇಷನ್‌ಗೆ ಕಣ್ಣು ಸೂಕ್ತವಾಗಿದೆ, ಆದರೆ ಇವತ್ತು ಅಲ್ಲ" ಎಂದರು. ಬ್ರಿಮೊನಿಡಿನ್ ನಿಲ್ಲಿಸಿದರು. ಉಳಿದವನ್ನು ಬೆಂಜಾಲ್ಕೋನಿಯಂ ಇಲ್ಲದ ಡ್ರಾಪ್ಸ್‌ಗೆ ಬದಲಾಯಿಸಿದರು. ಸೌಮ್ಯವಾದ ಸ್ಟೆರಾಯ್ಡ್ ಡ್ರಾಪ್ಸ್ ಕೆಲವು ವಾರ ಕೊಟ್ಟರು. ಸ್ಟೆರಾಯ್ಡ್‌ನಿಂದಲೇ ಪ್ರೆಶರ್ ಏರುವವರು ಇರುತ್ತಾರೆ, ಹಾಗಾಗಿ ಮಧ್ಯೆ ಮಧ್ಯೆ ಬಂದು ತೋರಿಸಲು ಹೇಳಿದರು. ನಿಲ್ಲಿಸಿದ ಡ್ರಾಪ್ಸ್‌ನ ಬದಲು ಅಸೆಟಜೋಲಮೈಡ್ ಮಾತ್ರೆ ಬಂತು. ಬೆರಳ ತುದಿಗಳು ಜುಮುಜುಮು ಎನ್ನುತ್ತಿದ್ದವು, ಸುಸ್ತಾಗುತ್ತಿತ್ತು. ಅದು ಹೆಚ್ಚು ಕಾಲ ತೆಗೆದುಕೊಳ್ಳುವ ಮಾತ್ರೆಯಲ್ಲ, ಕಿಡ್ನಿ ಕಲ್ಲು ಇದ್ದವರಂತೂ ಮೊದಲೇ ಹೇಳಬೇಕು.

ಆ ಕಾಯುವ ವಾರಗಳಲ್ಲಿ ಒಂದು ದಿನ ಪಕ್ಕದಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರು ಕೂತಿದ್ದರು. "ನನಗೆ ಆಪರೇಷನ್ ಬೇಡ ಅಂದ್ರಮ್ಮ. ವಯಸ್ಸಾಯ್ತು ಅಂತ ಕೈ ಬಿಟ್ಟರೋ ಏನೋ" ಎಂದರು. ಅವರ ದನಿಯಲ್ಲಿ ನೋವಿತ್ತು. ನನಗೆ ಸಮಾಧಾನ ಹೇಳಲು ಗೊತ್ತಾಗಲಿಲ್ಲ. ಆಮೇಲೆ ಒಳಗೆ ಹೋದಾಗ ಡಾಕ್ಟರನ್ನು ಕೇಳಿದೆ, ವಯಸ್ಸಾದವರಿಗೆ ಮಾಡುವುದೇ ಇಲ್ಲವೇ ಎಂದು. ವಯಸ್ಸೊಂದೇ ನೋಡಿ ಬೇಡ ಎನ್ನುವುದಿಲ್ಲ ಎಂದರು. ಕಾಯಿಲೆ ಬಹಳ ನಿಧಾನವಾಗಿ ಹೋಗುತ್ತಿದ್ದು, ಡ್ರಾಪ್ಸ್ ಮೇಲೆಯೇ ಆಯುಷ್ಯವಿಡೀ ಓಡಾಡುವಷ್ಟು, ಮುಖ ಗುರುತಿಸುವಷ್ಟು ದೃಷ್ಟಿ ಉಳಿಯುತ್ತದೆ ಎಂದಾದರೆ ಆಪರೇಷನ್‌ನ ಅಪಾಯಕ್ಕೆ ಅವರನ್ನು ಒಡ್ಡುವುದು ಸರಿಯಲ್ಲ. ಅದೇ ವಯಸ್ಸಿನವರಿಗೆ ಕಾಯಿಲೆ ಬೇಗ ಬೇಗ ಏರುತ್ತಿದ್ದರೆ ಮಾಡುತ್ತಾರೆ. ಇಷ್ಟನ್ನು ಆ ಅಜ್ಜನಿಗೂ ಯಾರಾದರೂ ಕೂತು ಬಿಡಿಸಿ ಹೇಳಬೇಕಿತ್ತು. ಬೇಡ ಎನ್ನುವುದಕ್ಕೂ ಕಾರಣ ಕೇಳುವ ಹಕ್ಕು ರೋಗಿಗೆ ಇದೆ.

ಇನ್ನು ಕೆಲವು ಪ್ರಶ್ನೆಗಳು ಕಣ್ಣಿಗೆ ಸಂಬಂಧಪಟ್ಟವೇ ಅಲ್ಲ ಅನ್ನಿಸುವಂಥವು. ರಕ್ತ ತೆಳುಮಾಡುವ ಮಾತ್ರೆ ಇದೆಯೇ? ಇದ್ದರೆ ನೀವಾಗಿ ನಿಲ್ಲಿಸಬೇಡಿ, ಕೊಟ್ಟ ವೈದ್ಯರ ಜೊತೆ ನಾವು ಮಾತಾಡುತ್ತೇವೆ. ಮಲಗಿದರೆ ಕೆಮ್ಮು ಬರುತ್ತದೆಯೇ? ಅಲುಗಾಡದೆ ಮಲಗಲು ಆಗುತ್ತದೆಯೇ? ಆಪರೇಷನ್ ಆದ ಮೇಲೆ ಮೊದಲ ವಾರಗಳಲ್ಲಿ ಪದೇ ಪದೇ ಬರಬೇಕಾಗುತ್ತದೆ, ಬರಲು ಆಗುತ್ತದೆಯೇ? ಈ ಕೊನೆಯದನ್ನು ಅವರು ಒತ್ತಿ ಒತ್ತಿ ಕೇಳಿದರು. ಪ್ರೆಶರ್ ನೋಡಿಕೊಂಡು ಹೊಲಿಗೆ ಸಡಿಲಿಸುವುದು, ದಾರಿ ಮುಚ್ಚಿಕೊಳ್ಳುತ್ತಿದ್ದರೆ ಸೂಜಿಯಿಂದ ಬಿಡಿಸುವುದು ಎಲ್ಲ ಆಮೇಲೆಯೇ ನಡೆಯುವ ಕೆಲಸ. ಬರಲಾಗದವರಿಗೆ ಈ ಆಪರೇಷನ್ ಮಾಡಲು ತಾನು ಹಿಂದೆಮುಂದೆ ನೋಡುತ್ತೇನೆ ಎಂದೇ ಹೇಳಿದರು.

ಕೊನೆಗೆ ಕೇಳಿದ ಪ್ರಶ್ನೆ: "ಆಪರೇಷನ್ ಆದ ಮೇಲೆ ಏನಾಗುತ್ತೆ ಅಂತ ನೀವು ಅಂದುಕೊಂಡಿದ್ದೀರಿ?"

ನಾನು ಅಪ್ಪನ ವಿಷಯ ಹೇಳಿದೆ. ಅಪ್ಪನಿಗೆ ತಡವಾಗಿ ಆಪರೇಷನ್ ಆಗಿತ್ತು. ಕಣ್ಣು ಬರುತ್ತದೆ ಎಂದೇ ಅವರು ನಂಬಿದ್ದರು, ಪಟ್ಟಿ ಬಿಚ್ಚಿದ ದಿನದಿಂದ ಕಾಯುತ್ತಲೇ ಇದ್ದರು. ಬರುವುದಿಲ್ಲ ಎಂದು ಅವರಿಗೆ ಮೊದಲೇ ಯಾರೂ ತಿಳಿಸಿ ಹೇಳಿರಲಿಲ್ಲ. "ನನಗೆ ಕಣ್ಣು ಬರೋದು ಬೇಡ ಡಾಕ್ಟ್ರೇ, ಇರೋದು ಹೋಗದಿದ್ದರೆ ಸಾಕು" ಎಂದೆ. ಅವರು ತಲೆಯಾಡಿಸಿ, ಅಪಾಯಗಳನ್ನು ಒಂದೊಂದಾಗಿ ಹೇಳಿದರು. ಪ್ರೆಶರ್ ತೀರಾ ಇಳಿದು ಕಣ್ಣು ಮಂಜಾಗಬಹುದು. ಕಣ್ಣೊಳಗೆ ರಕ್ತಸ್ರಾವ ಆಗಬಹುದು, ಅದು ಅಪರೂಪ. ಪೊರೆ ಬೇಗ ಬಲಿಯುತ್ತದೆ. ಗುಳ್ಳೆಗೆ ಸೋಂಕು ತಗಲುವ ಭಯ ಆಪರೇಷನ್ ಆದ ಮರುವಾರಕ್ಕೆ ಮುಗಿಯುವುದಿಲ್ಲ, ಬದುಕಿರುವವರೆಗೂ ಇರುತ್ತದೆ. ಕಣ್ಣು ಕೆಂಪಾಗಿ, ನೋವಾಗಿ, ಕೀವು ಕಂಡರೆ ಅದೇ ದಿನ ಓಡಿ ಬರಬೇಕು. ನನ್ನಂತೆ ನಡುಬಿಂದುವಿನ ಹತ್ತಿರಕ್ಕೆ ಕಾಯಿಲೆ ಬಂದವರಲ್ಲಿ ಆಪರೇಷನ್ ಆದ ಕೂಡಲೇ ಉಳಿದ ದೃಷ್ಟಿ ಹೋಗಿಬಿಡುವುದೂ ಉಂಟು, ಬಹಳ ವಿರಳವಾಗಿ. ಇದನ್ನು ಹೇಳುವಾಗ ಅವರು ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಏನೂ ಮಾಡದಿದ್ದರೆ ಏನಾಗುತ್ತದೆ ಎಂದು ಮಗಳು ಕೇಳಿದಳು. ಇದೇ ವೇಗದಲ್ಲಿ ಹೋದರೆ ಬಲಗಣ್ಣಿನಲ್ಲಿ ಓದುವುದು ಇನ್ನು ಕೆಲವೇ ವರ್ಷ ಎಂದರು. ಆ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನನಗೆ ನಿರ್ಧಾರ ಕಷ್ಟವಾಗಲಿಲ್ಲ. ಬಲಗಣ್ಣಿಗೆ ಆಗಲಿ ಎಂದೆ. ಪೊರೆ ಸ್ವಲ್ಪವೇ ಇದ್ದದ್ದರಿಂದ ಅದನ್ನು ಜೊತೆಯಲ್ಲೇ ತೆಗೆಯದೆ ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು.

ಎಡಗಣ್ಣಿಗೆ ಆಪರೇಷನ್ ಸದ್ಯಕ್ಕೆ ಬೇಡ ಎಂದರು. ಕಾಯಿಲೆ ಆರಂಭದ ಹಂತ, ವರ್ಷಗಳಿಂದ ನಿಂತಲ್ಲೇ ನಿಂತಿದೆ. ಅದಕ್ಕೆ ಚಾಕು ಹಾಕಿದರೆ ಕಳೆದುಕೊಳ್ಳುವುದೇ ಹೆಚ್ಚು. ಅದರ ಬದಲು ನೀರು ಹೊರಹೋಗುವ ಜಾಲರಿಗೆ ಲೇಸರ್ ಮಾಡಿದರು. 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ, ಹೊಸದಾಗಿ ಕಾಯಿಲೆ ಪತ್ತೆಯಾಗಿ ಮೊದಲಿಗೇ ಈ ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಮೂರು ವರ್ಷದವರೆಗೂ ಡ್ರಾಪ್ಸ್ ಬೇಕಾಗಲಿಲ್ಲವಂತೆ. ನಾನು ಆಗಲೇ ಡ್ರಾಪ್ಸ್ ಮೇಲಿದ್ದವಳು, ನನಗೆ ಒಂದು ಬಗೆ ಕಡಿಮೆಯಾದರೂ ಲಾಭವೇ.

ಹೋದ ವಾರ ಮತ್ತೆ ಹತ್ತಿಯ ಕಡ್ಡಿ ಇಟ್ಟು ನೋಡಿದರು. ಬಲಗಣ್ಣಿನ ಕೆಂಪು ಇಳಿದಿದೆ, ರೆಪ್ಪೆಯೊಳಗಿನ ಗುಳ್ಳೆಗಳು ಹೋಗಿವೆ, ಸ್ಟೆರಾಯ್ಡ್‌ಗೆ ಪ್ರೆಶರ್ ಏರಿಲ್ಲ. ಫೈಲಿನಲ್ಲಿ "ಆಪರೇಷನ್‌ಗೆ ಸಿದ್ಧ" ಎಂದು ಬರೆದು ದಿನ ಗೊತ್ತುಮಾಡಿದರು. ಮೊದಲ ವಾರಗಳಲ್ಲಿ ಗಂಟೆಗಂಟೆಗೂ ಡ್ರಾಪ್ಸ್ ಹಾಕುವುದು ಮಗಳ ಪಾಲಿಗೆ, ಕರೆದುಕೊಂಡು ಹೋಗಿ ಬರುವುದು ತಮ್ಮನ ಪಾಲಿಗೆ. ಅವನಿಗೂ ಕೋನ, ನರ, ಪ್ರೆಶರ್ ಎಲ್ಲ ಪರೀಕ್ಷೆ ಮಾಡಿಸಲು ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ. ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ ಉಳಿದವರಿಗೂ ಬರುವ ಸಂಭವ ಹೆಚ್ಚು. ನನ್ನ ಆಪರೇಷನ್‌ಗಿಂತ ಮೊದಲೇ ಅವನ ಪರೀಕ್ಷೆ ಆಗಲಿ ಎಂದು ಹಟ ಹಿಡಿದಿದ್ದೇನೆ.